ಮಂಗಲದ ದಿನ ಓದಿದ ಕಡೆಯ ಪುಟ

ನಮ್ಮ ಓಣಿಯಲ್ಲಿ ನನ್ನನ್ನು ಕಾದಂಬರಿಕಾರ ಅಂತ ಯಾರೂ ಕರೆಯುವುದಿಲ್ಲ. ದಾರ, ಗುಂಡಿ, ಅಸ್ತರ್ ಬಟ್ಟೆ ಮಾರುವವನು ಅಂತಲೇ ಗುರುತು. ಹಳೇ ಹುಬ್ಬಳ್ಳಿಯ ಅರ್ಧಕ್ಕರ್ಧ ಟೇಲರುಗಳು ನನ್ನ ಗಿರಾಕಿಗಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾದ ಹಿಂದೆ ಕೂತು ಮೊಬೈಲಿನಲ್ಲಿ ಕಾದಂಬರಿ ಟೈಪು ಮಾಡುತ್ತೇನೆ. ನೋಡಿದವರು ವಾಟ್ಸಪ್ಪಿನಲ್ಲಿ ಮುಳುಗಿದ್ದಾನೆ ಅಂದುಕೊಳ್ಳುತ್ತಾರೆ. "ಈ ವಯಸ್ಸಿನ್ಯಾಗ ಅಷ್ಟೇನ ನೋಡ್ತೀರಿ ಸಾವಕಾರ್ರ ಅದರಾಗ?" ಅಂತ ಒಬ್ಬ ಕೇಳಿದ್ದ. ಕಾದಂಬರಿ ಬರೀತೇನಿ ಅಂದೆ. ಅವನು ನಕ್ಕು, ಕರಿ ದಾರದ ಡಬ್ಬಿ ಕೇಳಿದ.

ಎರಡು ಕಾದಂಬರಿ ಹೀಗೇ ಬರೆದು ಅಚ್ಚು ಹಾಕಿಸಿದೆ. ಮೊದಲನೆಯದರ ಬಿಡುಗಡೆ ಧಾರವಾಡದಲ್ಲಾಯಿತು. ಶಾಲು, ಹಣ್ಣಿನ ಬುಟ್ಟಿ, ಬಂದವರಿಗೆ ಉಪ್ಪಿಟ್ಟು-ಶಿರಾ, ಎಲ್ಲ ರಿವಾಜಿನಂತೆ ನಡೆಯಿತು. ಮಾತಾಡಲು ಬಂದ ದೊಡ್ಡ ಮನುಷ್ಯರು ಪುಸ್ತಕದ ಹಾಳೆ ಬಿಡಿಸಿರಲಿಲ್ಲ. ತಮ್ಮ ಮಲೇಶಿಯಾ ಪ್ರವಾಸವನ್ನು ವಿವರವಾಗಿ ವರ್ಣಿಸಿ, ಕೊನೆಗೆ ನನ್ನ ಕಡೆ ನೋಡಿ "ಹೀಗೇ ಬರೆಯುತ್ತಿರಿ" ಅಂದರು. ಬಂಧುಬಳಗಕ್ಕೆಲ್ಲ ಸಹಿ ಹಾಕಿ ಗೌರವ ಪ್ರತಿ ಕೊಟ್ಟೆ. ಮುಂದೆ ವಿದ್ಯಾನಗರದ ಸಂಬಂಧಿಕರೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಹೋದಾಗ, ಬಂದವರಿಗೆಲ್ಲ ಕೊಡುತ್ತಿದ್ದ ಬಣ್ಣದ ಹಾಳೆ ಸುತ್ತಿದ ಉಡುಗೊರೆ ನನ್ನ ಕೈಗೂ ಬಂತು. ಮನೆಗೆ ಬಂದು ಬಿಚ್ಚಿದರೆ ನನ್ನದೇ ಪುಸ್ತಕ, ಒಳಗೆ ನನ್ನದೇ ಸಹಿ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಾನು ಹಿತ್ತಲಲ್ಲೂ ಇರಲಿಲ್ಲ.

ಅದೆಲ್ಲ ಹೋಗಲಿ, ಮರೆತಿದ್ದೇನೆ. ಮರೆಯಲಾಗದ್ದು ಮೂರನೆಯ ಕಾದಂಬರಿಯ ಕಥೆ. ಅದನ್ನು ನಾನು ಊರಿಗಾಗಿ ಬರೆದಿರಲಿಲ್ಲ, ನನ್ನ ಅಕ್ಕನಿಗಾಗಿ ಬರೆದಿದ್ದೆ.

ಅಕ್ಕ ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವಳು. ಅವಳನ್ನು ದೂರದ ಊರಿನ ಅರಳೆ ವ್ಯಾಪಾರಿಯ ಮನೆಗೆ ಕೊಟ್ಟಿದ್ದರು. ಗಂಡನಿಗೆ ಅದೇ ಊರಲ್ಲಿ ಬೇರೊಂದು ಸಂಸಾರವಿತ್ತು. ಇದು ಗೊತ್ತಾದ ಮೇಲೆ, ಒಂದು ಮಧ್ಯಾಹ್ನ ಅಕ್ಕ ಕೈಚೀಲ ಹಿಡಿದು ತವರಿನ ಬಾಗಿಲಿಗೆ ಬಂದು ನಿಂತಳು. ಅಪ್ಪ ಮೆತ್ತಗಿನ ಮನುಷ್ಯ. ಮನೆಯ ಮಾತೆಲ್ಲ ಅಪ್ಪನ ತಮ್ಮ, ನಮ್ಮ ಕಾಕಾನದು. ಕಾಕಾ ಹೊಸ್ತಿಲ ಮೇಲೆ ನಿಂತು, "ನೀರ ಕುಡಿ, ಸಂಜೀ ಬಸ್ಸಿಗೆ ಹೊಳ್ಳಿ ಹೋಗು, ಇನ್ನೂ ಇಬ್ಬರ ಹುಡುಗ್ಯಾರ ಲಗ್ನ ಆಗೂದೈತಿ" ಅಂದರು. ಅಕ್ಕ ನಿಂತಲ್ಲೇ ನೀರು ಕುಡಿದು ಹೋದಳು. ನಾನು ಕನ್ನಡ ಸಾಲಿಗೆ ಹೋಗುತ್ತಿದ್ದ ಹುಡುಗ. ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದೆ.

ಆಮೇಲೆ ಅವಳು ಆ ಮನೆಯಲ್ಲೇ ಹೆಣಗಿದಳು. ಗಂಡ ಸತ್ತ ಮೇಲೆ, ಅಪ್ಪನೂ ಹೋದ ಮೇಲೆ, ನಾನು ಹೋಗಿ ಕರೆದುಕೊಂಡು ಬಂದೆ. ಈಗ ನಮ್ಮೊಂದಿಗೇ ಇದ್ದಾಳೆ. ಕಾಕಾ ಅದೇ ಮನೆಯ ಪಾಲಾದ ಇನ್ನೊಂದು ಭಾಗದಲ್ಲಿದ್ದಾರೆ, ನಡುವೆ ಒಂದೇ ಗೋಡೆ. ತೊಂಬತ್ತರ ಹತ್ತಿರದ ವಯಸ್ಸು, ಹಲ್ಲು ಕಿವಿ ಎರಡೂ ಗಟ್ಟಿ. ಇಷ್ಟು ವರ್ಷದಲ್ಲಿ ಅವರು ಒಂದು ದಿನವೂ "ತಪ್ಪಾತು ಯವ್ವಾ" ಅನ್ನಲಿಲ್ಲ. ಹಬ್ಬಕ್ಕೊಮ್ಮೆ ಅಕ್ಕ ಹೋಗಿ ಅವರ ಕಾಲಿಗೆ ಬೀಳುತ್ತಾಳೆ. ಅದನ್ನು ನೋಡಲಾರದೆ ನಾನು ಎದ್ದು ಒಳಗೆ ಹೋಗುತ್ತೇನೆ.

ಆ ಮಾತನ್ನು ಯಾರಾದರೂ ಆಡಬೇಕಿತ್ತು. ಕಾಕಾ ಆಡದಿದ್ದರೆ ನಾನು ಆಡುತ್ತೇನೆ, ಈ ಮನೆ ನಿನಗೆ ಅನ್ಯಾಯ ಮಾಡಿತು ಅಂತ ಅವಳ ಕಿವಿಗೆ ಬೀಳುವಂತೆ ಹೇಳುತ್ತೇನೆ ಅಂತ ಕಾದಂಬರಿಗೆ ಕೂತೆ. ತಮಾಷೆ ನೋಡಿ, ಅಕ್ಕ ಒಂದೇ ಮನೆಯಲ್ಲಿದ್ದಾಳೆ, ಬಾಯಿ ಬಿಟ್ಟು ಕೇಳಲು ನನಗೆ ಧೈರ್ಯವಿಲ್ಲ. ಅಂಗಡಿಗೆ ರಜೆ ಇದ್ದಾಗಲೆಲ್ಲ ಬಸ್ಸು ಹತ್ತಿ ಅವಳನ್ನು ಕೊಟ್ಟ ಊರಿಗೆ ಹೋದೆ. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಚುರುಮುರಿ ತಿನ್ನುತ್ತ ಕೂತೆ. ಅರಳೆ ಗೋದಾಮಿನ ಗಲ್ಲಿಯಲ್ಲಿ ಅಡ್ಡಾಡಿದೆ. ಅವಳು ನೀರು ತುಂಬುತ್ತಿದ್ದ ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿ ಬೀಗ ಜಡಿದಿದ್ದರು. "ಎಲ್ಲಿ ಹೊಂಟೀದಿ ಪ್ರತೀ ಸಲ?" ಅಂತ ಅಕ್ಕ ಕೇಳಿದರೆ ಮಾಲು ನೋಡಾಕ ಅಂತ ಸುಳ್ಳು ಹೇಳಿದೆ. ಕಾದಂಬರಿಯ ಕಡೆಯ ಪುಟವನ್ನು ಮಾತ್ರ ಎಲ್ಲಿಗೂ ಹೋಗದೆ ಬರೆದೆ. ಹೊಸ್ತಿಲಲ್ಲಿ ನಿಂತ ಚಿಕ್ಕಪ್ಪ, ಹೊರಗೆ ನಿಂತು ನೀರು ಕುಡಿಯುವ ಹುಡುಗಿ, ಸಂಜೆ ಬಸ್ಸು. ಅಲ್ಲಿಗೆ ಮುಗಿಸಿದೆ.

ಪುಸ್ತಕವೇನೋ ಬಂತು. ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು, ಅಕ್ಷರ ಕಾಣುತ್ತಿರಲಿಲ್ಲ. ನಾನೇ ಓದಿ ಹೇಳೋಣವೆಂದರೆ, ಅಕ್ಕನ ಎದುರು ಕೂತು ಅವಳ ಗಂಡನ ಸಂಗತಿಯನ್ನು ತಮ್ಮ ಹೇಗೆ ಓದುತ್ತಾನೆ? ನಾಲಿಗೆ ಏಳುವುದಿಲ್ಲ. ಪುಸ್ತಕ ಗೂಡಿನಲ್ಲೇ ಉಳಿಯಿತು.

ದಾರಿ ತೋರಿಸಿದವರು ಎದುರು ಮನೆಯ ಅಕ್ಕೋರು. ಸಾಲಿ ಕಲಿಸಿ ನಿವೃತ್ತಿಯಾದವರು, ಒಳ್ಳೆಯ ಕಂಠ. ಪ್ರತಿ ಶ್ರಾವಣದಲ್ಲಿ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರು ಮಧ್ಯಾಹ್ನ ಸೇರುತ್ತಾರೆ, ಅಕ್ಕೋರು ಪುರಾಣ ಓದುತ್ತಾರೆ. ಅದಕ್ಕೊಂದು ನೇಮವಿದೆ. ಸಾವು, ಶಾಪ, ಹೆಣ್ಣಿನ ಕಣ್ಣೀರು ಬಂದ ಕಡೆ ಆ ದಿನದ ಓದು ನಿಲ್ಲಿಸುವ ಹಾಗಿಲ್ಲ. ಹೊತ್ತಾದರೂ ಇನ್ನೊಂದಿಷ್ಟು ಮುಂದೆ ಓದಿ, ಮದುವೆಯೋ ತೊಟ್ಟಿಲೋ ಬಂದ ಮೇಲೆಯೇ ಪುಸ್ತಕ ಮುಚ್ಚಬೇಕು. ಮುಗಿಯುವ ದಿನ ಮಂಗಲ. ಆರತಿ ಮಾಡಿ, ಹಿರಿಯರನ್ನು ಕೂರಿಸಿ, ಗೋದಿ ಹುಗ್ಗಿ ಹಂಚುತ್ತಾರೆ.

"ತಮ್ಮಾ, ಈ ಸಲ ನಿನ್ನ ಪುಸ್ತಕಾನ ಓದೂಣೇನು?" ಅಂತ ಅಕ್ಕೋರು ಕೇಳಿದರು. "ಓದ್ರಿ ಅಕ್ಕೋರ, ಪೂರಾ ಓದ್ರಿ" ಅಂದೆ.

ಆ ಶ್ರಾವಣದಷ್ಟು ಸುಖ ನನಗೆ ಬರವಣಿಗೆಯಿಂದ ಎಂದೂ ಸಿಕ್ಕಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಕ್ಕ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು: "ಇವತ್ತ ಆ ಹುಡುಗಿ ಬಾವೀಕಟ್ಟಿ ಮ್ಯಾಲ ಕುಂತಿದ್ದು ಬಂತು." ಅಷ್ಟೇ. ಇನ್ನೊಂದು ದಿನ, "ಆ ಬಾವೀ ನೀರು ಸವಳಿತ್ತು, ನಿನಗ ಯಾರ ಹೇಳಿದ್ರು?" ಅಂದಳು. ಯಾರೂ ಹೇಳಿರಲಿಲ್ಲ, ನೀರು ಉಪ್ಪುಪ್ಪು ಅಂತ ಅಂದಾಜಿನಿಂದ ಬರೆದಿದ್ದೆ. ಅವಳಿಗೆ ಎಲ್ಲ ತಿಳಿದಿದೆ, ಕಡೆಯ ಪುಟಕ್ಕಾಗಿ ಅವಳೂ ಕಾಯುತ್ತಿದ್ದಾಳೆ ಅಂತ ನಾನು ನಂಬಿದೆ.

ಮಂಗಲದ ದಿನ ಅಂಗಡಿಯನ್ನು ಬೇಗ ಮುಚ್ಚಿ ಬಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಪಡಸಾಲೆ ತುಂಬಿತ್ತು. ಹಿರಿಯರೆಂದು ಕಾಕಾನನ್ನು ಕುರ್ಚಿಯ ಮೇಲೆ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಅಕ್ಕೋರು ಕಡೆಯ ಪುಟಕ್ಕೆ ಬಂದರು. ಹುಡುಗಿ ಬಾಗಿಲಿಗೆ ಬಂದಳು. ಚಿಕ್ಕಪ್ಪ ಹೊಸ್ತಿಲಿಗೆ ಬಂದ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಅಕ್ಕೋರು ಒಂದು ಕ್ಷಣ ತಡೆದರು. ಕನ್ನಡಕ ಸರಿಮಾಡಿಕೊಂಡು, ಅದೇ ಇಂಪಾದ ದನಿಯಲ್ಲಿ ಮುಂದುವರಿಸಿದರು: "ಆಗ ಆ ಚಿಕ್ಕಪ್ಪನು ಹುಡುಗಿಯ ಕೈ ಹಿಡಿದು, ಬಾ ಮಗಳೇ, ಇದು ನಿನ್ನ ಮನೆ ಎಂದು ಒಳಗೆ ಕರೆದುಕೊಂಡನು. ಅವಳು ಅಲ್ಲಿ ಸುಖವಾಗಿದ್ದಳು."

ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡರು. ಆರತಿ ಆಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ದೊಣ್ಣೆ ಅಷ್ಟಕ್ಕೇ ನಿಲ್ಲಲಿಲ್ಲ. ಕಥೆ ಯಾವ ಮನೆಯದೆಂದು ಓಣಿಗೆಲ್ಲ ಗೊತ್ತಿತ್ತು; ಅಂದು ಹೊಸ್ತಿಲಲ್ಲಿ ನಡೆದದ್ದನ್ನು ಮಾತ್ರ ಅವರಾರೂ ನೋಡಿರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತ ಸಾಲಾಗಿ ಬಂದು ಕಾಕಾನ ಕಾಲಿಗೆ ಬೀಳತೊಡಗಿದರು. "ಇಂಥಾ ಹಿರ್ಯಾರ ಇರಬೇಕ ನೋಡ್ರಿ ಮನ್ಯಾಗ" ಅಂದಳೊಬ್ಬಳು. ಕಾಕಾ ಕೈ ಎತ್ತಿ ಎಲ್ಲರನ್ನೂ ಹರಸಿದರು. ಬೇಡ ಅನ್ನಲಿಲ್ಲ.

ಅಕ್ಕೋರನ್ನು ಹಿತ್ತಿಲಿಗೆ ಕರೆದು ಕೇಳಿದೆ. "ಅದು ಪುಸ್ತಕದಾಗ ಎಲ್ಲೈತ್ರಿ?"

"ಇಲ್ಲಪಾ, ಗೊತ್ತೈತಿ" ಅಂದರು, ಒಂದಿಷ್ಟೂ ಅಳುಕದೆ. "ಮಂಗಲದ ದಿನಾ ಹೆಣ್ಮಗಳನ್ನ ಹೊಸ್ತಿಲದ ಹೊರಗ ನಿಂದರಿಸಿ ಪುಸ್ತಕ ಮುಚ್ಚಾಕ ಬರತೈತೇನು? ನಿಮ್ಮ ಮನಿಗೇ ಒಳ್ಳೇದಲ್ಲ. ನೀ ಮುಂದೊಂದು ಪುಟಾ ಬರದಿದ್ರ ನಾ ಅದನ್ನ ಓದತಿದ್ದೆ. ಬರೀಲಿಲ್ಲ, ಅದಕ್ಕ ನಾನ ಸೇರಸಿದೆ." ಅವರಿಗೆ ನನ್ನ ಮೇಲೆ ಪ್ರೀತಿಯೇ ಇತ್ತು. ಅದಕ್ಕೇ ಬೈಯಲೂ ಆಗಲಿಲ್ಲ. ಇಂಥ ಊರಲ್ಲಿ ಕಾದಂಬರಿ ಬರೆಯಲು ಹೊರಟ ನನ್ನ ಹಣೆಬರಹವನ್ನು ಬೈದುಕೊಂಡೆ.

ಹೆಂಗಸರೆಲ್ಲ ಹೋದ ಮೇಲೆ ಅಡುಗೆಮನೆಗೆ ಹೋದೆ. ಅಕ್ಕ ಕಾಕಾನಿಗೆ ಹುಗ್ಗಿ ಬಡಿಸಿ ಬಂದು ಪಾತ್ರೆ ಸರಿಸುತ್ತಿದ್ದಳು. "ಅಕ್ಕಾ, ಅಕ್ಕೋರು ಓದಿದ್ದು ನಾ ಬರದದ್ದಲ್ಲ. ಖರೇದ್ದು ಬ್ಯಾರೆ ಐತಿ. ಈಗ ಓದಿ ಹೇಳತೇನಿ, ಕೂಡು" ಅಂದೆ. ಕಡೆಗೂ ನಾಲಿಗೆ ಎದ್ದಿತ್ತು.

ಅವಳು ತಿರುಗಿ ನೋಡಿದಳು. "ನನಗ್ಯಾಕ ಓದ್ತಿ? ನಾ ಅಲ್ಲೇ ಇದ್ನಲ್ಲ."

ಆಮೇಲೆ ಅವಳೇ, "ಓದೂದಿದ್ರ ಅವರಿಗೆ ಓದು" ಅಂತ ಪಡಸಾಲೆಯಲ್ಲಿ ಕೂತ ಕಾಕಾನ ಕಡೆ ಕಣ್ಣಲ್ಲೇ ತೋರಿಸಿದಳು.

ಓದಿದೆ. ಕಾಕಾನ ಎದುರು ನೆಲದ ಮೇಲೆ ಕೂತು ಕಡೆಯ ಪುಟವನ್ನು ಅಚ್ಚಾದಂತೆಯೇ ಓದಿದೆ. ನೀರ ಕುಡಿ, ಸಂಜೀ ಬಸ್ಸಿಗೆ ಹೊಳ್ಳಿ ಹೋಗು, ಅನ್ನುವ ಅವರದೇ ಮಾತನ್ನು ಅವರ ಮುಖ ನೋಡಿಯೇ ಓದಿದೆ. ಕಾಕಾ ಹುಗ್ಗಿ ಉಣ್ಣುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ಛಲೋ ಬರದಿ" ಅಂದರು. "ಆದ್ರ ಅಕ್ಕೋರು ಓದಿದ್ದ ಖರೇ. ಬಾ ಯವ್ವಾ, ಒಳಗ ಬಾ ಅಂತ ನಾನ ಕರದಿದ್ದೆ. ನೀ ಆವಾಗ ಸಣ್ಣಾಂವ, ನಿನಗ ಗೊತ್ತಿಲ್ಲ."

ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಮಂಗಲದ ಓದು ಮುಗಿಯುವಷ್ಟರಲ್ಲೇ ಆ ಮನುಷ್ಯ ಅದನ್ನು ಪೂರಾ ನಂಬಿಬಿಟ್ಟಿದ್ದರು. ನನ್ನ ಪುಸ್ತಕದಿಂದಲೇ ಅವರಿಗೆ ಆ ನಂಬಿಕೆ ಸಿಕ್ಕಿತ್ತು. ಅನ್ಯಾಯವನ್ನು ಹೇಳಲು ಹೊರಟವನು ಅದನ್ನು ತೊಳೆದು ಕೊಟ್ಟಿದ್ದೆ.

ಅಕ್ಕ ಹುಗ್ಗಿಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನೀವು ಅವತ್ತ ಒಳಗ ಬಾ ಅಂದಿದ್ರೇನ್ರಿ ಕಾಕಾ?" ಅಂದಳು.

"ಅಂದಿದ್ದೆನವ್ವಾ."

"ಹಂಗಾರ ನನಗ ಕೇಳಿಸಿರಾಕಿಲ್ಲ ಬಿಡ್ರಿ. ಇಷ್ಟ ವರ್ಷ ಸುಮ್ಮನ ಹೊರಗಿದ್ನಿ."

ಹಾಗೆಂದು ಬಗ್ಗಿ ಅವರ ತಾಟಿಗೆ ಇನ್ನೊಂದು ಸವಟು ಹುಗ್ಗಿ ಹಾಕಿದಳು, ಮೇಲೆ ತುಪ್ಪ ಬಿಟ್ಟಳು. ಕಾಕಾ ಸಮಾಧಾನದಿಂದ ತಲೆಯಾಡಿಸಿ ಉಣ್ಣತೊಡಗಿದರು.