ಮೂವತ್ತೊಂಬತ್ತನೇ ಸೈಜಿನ ಬೂಟು

ಬೆಳಗಿನ ಐದೂ ಮುಕ್ಕಾಲು. ಅದೆಲ್ಮೊ ಫ್ರಿಗಾತೊ ಮೈದಾನಕ್ಕೆ ಗೆರೆ ಹಾಕುತ್ತಿದ್ದಾರೆ.

ಎರಡು ಗೂಟಗಳ ನಡುವೆ ದಾರ ಬಿಗಿದು, ಬಿಳಿ ಪುಡಿ ತುಂಬಿದ ಗಾಡಿಯನ್ನು ಅದರ ಗುಂಟ ತಳ್ಳುತ್ತಾರೆ. ನಡಿಗೆಯಲ್ಲಿ ಅವಸರವಿಲ್ಲ. ಮೈದಾನದ ಉದ್ದ ನೂರಾ ಎರಡು ಮೀಟರ್, ಅಗಲ ಅರವತ್ತೆರಡು. ನಾಲ್ಕು ಮೂಲೆ, ಎರಡು ಚೌಕ, ನಡುವಿನ ವೃತ್ತ ಎಲ್ಲ ಮುಗಿಯುವ ಹೊತ್ತಿಗೆ ಪೊ ನದಿಯ ಒಡ್ಡಿನ ಮೇಲೆ ಬಿಸಿಲು ಬಂದಿರುತ್ತದೆ. ಆಮೇಲೆ ಬಟ್ಟೆಕೋಣೆಗೆ ಹೋಗಿ ಒಗೆಯುವ ಯಂತ್ರದಿಂದ ಇಪ್ಪತ್ತೆರಡು ಹಸಿರು ಅಂಗಿಗಳನ್ನು ತೆಗೆದು ಹರವುತ್ತಾರೆ. ಇದು ಮೂವತ್ತೊಂದು ವರ್ಷದಿಂದ ನಡೆದುಬಂದಿದೆ.

ಅರವತ್ತೆಂಟರ ಅದೆಲ್ಮೊ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದವರು. ಬೊರ್ಗೊಸಾಲೆ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುವುದು, ಗೆರೆ ಹಾಕುವುದು, ಬಟ್ಟೆ ಒಗೆಯುವುದು, ಬೂಟಿನ ಮಣ್ಣು ಕೆರೆಯುವುದು ಎಲ್ಲ ಅವರದೇ. "ಸಾಕ್ಸ್ ಕಳೆದಾಗ ಮಾತ್ರ ಹುಡುಗ್ರಿಗೆ ನನ್ನ ಹೆಸರು ನೆನಪಾಗುತ್ತೆ" ಎನ್ನುತ್ತಾರೆ. ಅವರ ಪಾದ ನಲವತ್ನಾಲ್ಕನೇ ಸೈಜು. ಊರಿನ ಬಾರಿನಲ್ಲಿ ಗೆಳೆಯರು ಅದನ್ನು ಆಡಿಕೊಳ್ಳುತ್ತಾರೆ. ಆ ಪಾದ ತಂದೆ ಗುಯೆರ್ರಿನೊ ಅವರಿಂದ ಬಂದದ್ದು.

ಬೊರ್ಗೊಸಾಲೆ ಈಗ ಆಡುತ್ತಿರುವುದು ಮೇಲಿನಿಂದ ಆರನೇ ದರ್ಜೆಯಲ್ಲಿ. ಸಕ್ಕರೆ ಕಾರ್ಖಾನೆಯ ಕೆಲಸಗಾರರು ೧೯೨೧ರಲ್ಲಿ ಕಟ್ಟಿದ ಕ್ಲಬ್ಬು ಎರಡು ಸಲ ಮುಚ್ಚಿದೆ, ಎರಡು ಸಲ ಬೇರೆ ಹೆಸರಿನಲ್ಲಿ ಎದ್ದಿದೆ. ಕಪಾಟಿನಲ್ಲಿ ಹೇಳಿಕೊಳ್ಳುವಂಥ ಕಪ್ಪುಗಳಿಲ್ಲ. ಊರು ಎದೆಯುಬ್ಬಿಸಿ ಹೇಳುವುದು ಒಂದೇ ಗೋಲಿನ ಕತೆ. ೧೯೫೧ರ ಜೂನ್ ಹತ್ತು, ಭಾನುವಾರ, ಫೊಸ್ಸಾಬ್ರೂನಾ ತಂಡದ ಮೇಲೆ. ಗೆಲ್ಲದಿದ್ದರೆ ಕ್ಲಬ್ಬು ಕೆಳದರ್ಜೆಗೆ ಇಳಿಯಬೇಕಿತ್ತು. ಎಂಬತ್ತೇಳನೇ ನಿಮಿಷದಲ್ಲಿ ಬಂದ ಆ ಗೋಲು ಅದನ್ನು ಉಳಿಸಿತು. ಹೊಡೆದವರು ಗುಯೆರ್ರಿನೊ ಫ್ರಿಗಾತೊ ಎಂದು ಲೀಗಿನ ದಾಖಲೆ ಹೇಳುತ್ತದೆ.

ಈ ಜೂನಿಗೆ ಅದಕ್ಕೆ ಎಪ್ಪತ್ತೈದು ವರ್ಷ. ಗೇಟಿನ ಬಳಿ ಅಮೃತಶಿಲೆಯ ಫಲಕ ನಿಲ್ಲಿಸಿ ಅದರಲ್ಲಿ ಗುಯೆರ್ರಿನೊ ಅವರ ಹೆಸರು ಕೆತ್ತಿಸಬೇಕೆಂದು ಸಮಿತಿ ಕಳೆದ ಶರತ್ಕಾಲದಲ್ಲೇ ತೀರ್ಮಾನಿಸಿತ್ತು. ಜೊತೆಗೆ ಹಾಕಲು ಒಂದು ಹಳೆಯ ಚಿತ್ರ ಬೇಕಾಗಿತ್ತು. ಕ್ಲಬ್ಬಿನ ಕಾಗದಪತ್ರವೆಲ್ಲ ೧೯೫೧ರ ನವೆಂಬರಿನ ನೆರೆಯಲ್ಲೇ ಕೊಚ್ಚಿಹೋಗಿದೆ. ಹಾಗಾಗಿ ಜನವರಿಯಲ್ಲಿ ಅದೆಲ್ಮೊ ಹಿಂದೆ ಬಟ್ಟೆಕೋಣೆ ನೋಡಿಕೊಳ್ಳುತ್ತಿದ್ದವರ ಮನೆಯ ಅಟ್ಟ ಹುಡುಕಿದರು. ಚಿತ್ರ ಸಿಗಲಿಲ್ಲ. ಬೂಟಿನ ಪುಸ್ತಕ ಸಿಕ್ಕಿತು.

ಆಗ ಬೂಟುಗಳು ಆಟಗಾರರ ಸ್ವಂತದ್ದಲ್ಲ, ಕ್ಲಬ್ಬಿನವು. ಪಂದ್ಯಕ್ಕೆ ಮೊದಲು ಯಾವ ಅಂಗಿಗೆ ಯಾವ ಸೈಜಿನ ಜೋಡಿ ಕೊಟ್ಟದ್ದು ಎಂದು ಬರೆದಿಡುತ್ತಿದ್ದರು. ಪುಟದಲ್ಲಿ ಹೆಸರುಗಳಿಲ್ಲ, ಅಂಕಿಗಳು ಮಾತ್ರ. ಆ ಇಡೀ ವರ್ಷ ಗುಯೆರ್ರಿನೊ ತೊಡುತ್ತಿದ್ದ ಒಂಬತ್ತನೇ ಅಂಗಿಯ ಎದುರು ನಲವತ್ನಾಲ್ಕು. ಜೂನ್ ಹತ್ತರಂದು ಮೂವತ್ತೊಂಬತ್ತು.

"ಮೊದಲು ಬರೆದೋನು ತಪ್ಪಿದಾನೆ ಅಂದ್ಕೊಂಡೆ" ಎನ್ನುತ್ತಾರೆ ಅದೆಲ್ಮೊ. "ಆಮೇಲೆ ಉಳಿದ ಪುಟ ನೋಡ್ದೆ. ಅವನು ಎಲ್ಲೂ ತಪ್ಪಿಲ್ಲ."

ಮೂರು ವಾರ ಅವರು ಯಾರಿಗೂ ಹೇಳಲಿಲ್ಲ. ಒಬ್ಬನ ಗುರುತಿನ ಚೀಟಿ ತೋರಿಸಿ ಇನ್ನೊಬ್ಬ ಆಡುವುದು ಕೆಳದರ್ಜೆಯ ಫುಟ್‌ಬಾಲಿನಲ್ಲಿ ಆಗ ಅಪರೂಪವಲ್ಲ. ಅದು ಅವರಿಗೂ ಗೊತ್ತಿತ್ತು. ಬಾರಿನಲ್ಲಿ ಯಾರಾದರೂ ಆ ಗೋಲಿನ ಕತೆ ಶುರುಮಾಡಿದರೆ ತಂದೆ ಎದ್ದು ಹೊರಗೆ ಹೋಗುತ್ತಿದ್ದುದು ನೆನಪಾಯಿತು. ವಿನಯ ಎಂದು ಊರು ಹೊಗಳುತ್ತಿತ್ತು. ಮಗನೂ ಹಾಗೆಯೇ ತಿಳಿದಿದ್ದ. ಗುಯೆರ್ರಿನೊ ೧೯೯೪ರಲ್ಲಿ ತೀರಿಕೊಂಡರು.

ಫೆಬ್ರವರಿಯ ಮಂಜಿನಲ್ಲಿ ಅದೆಲ್ಮೊ ಸೈಕಲ್ ಹತ್ತಿ ಒಡ್ಡಿನ ಕೆಳಗಿನ ನಿವೆಸ್ ಕ್ರೆಪಾಲ್ದಿ ಅವರ ಮನೆಗೆ ಹೋದರು. ನಿವೆಸ್ ಅವರಿಗೆ ಎಂಬತ್ತೇಳು. ಅವರ ಅಣ್ಣ ಎಲ್ವಿಯೊ ಆ ದಿನಗಳಲ್ಲಿ ತಂಡದ ಅಭ್ಯಾಸಕ್ಕೆ ಬರುತ್ತಿದ್ದ, ಹೆಸರು ನೋಂದಣಿಯಾಗದ ಇಪ್ಪತ್ತರ ಹುಡುಗ. ಗಿಡ್ಡ ಆಳು, ಸಣ್ಣ ಪಾದ. ನೆರೆಯಲ್ಲಿ ಮನೆ ಹೋದ ಮೇಲೆ ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಗೆ ಹೋದ. ನಾಲ್ಕು ವರ್ಷದ ನಂತರ ಅಲ್ಲೇ ಸತ್ತ.

ಅದೆಲ್ಮೊ ಪ್ರಶ್ನೆ ಮುಗಿಸುವ ಮೊದಲೇ ಅವರು ಉತ್ತರ ಕೊಟ್ಟರು.

"ಜ್ವರ ಬಂದು ನಿಮ್ಮಪ್ಪ ಏಳೋಕಾಗ್ದೆ ಮಲಗಿದ್ದ. ಹಾಲು ಕೊಟ್ಟುಬಂದಿದ್ದು ನಾನೇ. ಚೀಟಿ ಅವನದು, ಕಾಲು ನಮ್ಮ ಎಲ್ವಿಯೊಂದು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಸಿಯೋರಾ ನಿವೆಸ್?"

"ಆಗ ಹೇಳಿದ್ರೆ ಗೆದ್ದ ಪಂದ್ಯ ಹೋಗ್ತಿತ್ತು. ಆಮೇಲೆ ಅವನೇ ಹೋದ. ನಿಮ್ಮಪ್ಪ ಸಾಯೋತನಕ ಪ್ರತಿ ಈಸ್ಟರಿಗೆ ಕೋಳಿ ತಂದು ಬಾಗಿಲಲ್ಲಿಟ್ಟು ಹೋಗ್ತಿದ್ದ. ಒಂದು ಮಾತೂ ಆಡ್ತಿರಲಿಲ್ಲ. ಕೋಳಿ ಚೆನ್ನಾಗಿರ್ತಿತ್ತು."

ಕ್ಲಬ್ಬಿನ ಅಧ್ಯಕ್ಷ ತುಲ್ಲಿಯೊ ಮಾನ್ಫ್ರಿನ್ ಟ್ರ್ಯಾಕ್ಟರ್ ರಿಪೇರಿ ಮಾಡುವವರು. ವಿಷಯ ಕೇಳಿ, ಶಿಲ್ಪಿಗೆ ಹೇಳಿಯಾಗಿದೆ, ಎಪ್ಪತ್ತೈದು ವರ್ಷದ ಮೇಲೆ ಯಾರ ಪಾದ ಅಳೆಯೋಣ ಎಂದರು. ಬಾರಿನಲ್ಲಿ ಮಾತು ಹರಡಿತು. ಅಪ್ಪನ ಗೋಲನ್ನು ಮಗನೇ ರದ್ದುಮಾಡಿದ, ಇಂಥ ರೆಫ್ರಿಯನ್ನು ಫೊಸ್ಸಾಬ್ರೂನಾದವರೂ ಕಂಡಿರಲಿಲ್ಲ ಎಂದು ಕೆಲವರು ನಕ್ಕರು. ಕೆಲವರು ನಗಲಿಲ್ಲ. ಇಬ್ಬರು ಹಳೆಯ ಗೆಳೆಯರು ಇವತ್ತಿಗೂ ಅವರ ಜೊತೆ ಇಸ್ಪೀಟಿಗೆ ಕೂರುವುದಿಲ್ಲ.

ಮಾರ್ಚಿನ ಸಭೆಯಲ್ಲಿ ಅದೆಲ್ಮೊ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಎರಡೇ ಮಾತು ಹೇಳಿದರು. "ಗೆರೆ ಒಂದು ಗೇಣು ಸೊಟ್ಟ ಹೋದ್ರೆ ಅಳಿಸಿ ಮತ್ತೆ ಹಾಕ್ತೀನಿ. ನಮ್ಮಪ್ಪನದು ಅಂತ ಇದನ್ನ ಬಿಡೋದು ಹೆಂಗೆ?"

ಮಾನ್ಫ್ರಿನ್ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು ಆ ಪುಟ ಓದಿದರು. "ವೇಚೊ, ಕಳ್ಕೊಳ್ಳೋನು ನೀನು. ನೀನೇ ಕೇಳ್ತಿರುವಾಗ ಬೇಡ ಅನ್ನೋಕೆ ನಾವ್ಯಾರು?" ವೇಚೊ ಎಂದರೆ ಮುದುಕ, ಇಲ್ಲಿ ಹತ್ತಿರದವರನ್ನಷ್ಟೇ ಹಾಗೆ ಕರೆಯುತ್ತಾರೆ.

ಅದೆಲ್ಮೊ ಒಂದನ್ನು ಕೇಳಿಕೊಂಡರು: ತಂದೆಯನ್ನು ಸುಳ್ಳುಗಾರ ಎನ್ನಬಾರದು. "ನಾನು ಹೊಡೆದೆ ಅಂತ ಅವರು ಯಾವತ್ತೂ ಹೇಳಲಿಲ್ಲ. ಹೇಳಿದ್ದು ಊರು."

ಮೇ ೨೩ರ ಶನಿವಾರ ಗೇಟಿನ ಬಲಗಡೆ ಫಲಕ ಕೂರಿಸಲಾಯಿತು. ಅದರ ಮೇಲೆ ಎಲ್ವಿಯೊ ಕ್ರೆಪಾಲ್ದಿ ಎಂಬ ಒಂದೇ ಹೆಸರಿದೆ. ಗಾರೆ ಕಲಸಿದವರು ಅದೆಲ್ಮೊ. ನಿವೆಸ್ ಮಗಳ ಕಾರಿನಲ್ಲಿ ಬಂದು ಎರಡು ಸಲ ಓದಿದರು. ಆಮೇಲೆ ಒಂದು ಕುರ್ಚಿ ತರಿಸಿಕೊಂಡು, ಗಾರೆ ಗಟ್ಟಿಯಾಗುವ ತನಕ ಅಲ್ಲೇ ಕೂತಿದ್ದರು.