ಫ್ರಿಜ್ ಅಕ್ಕ ಕಳಿಸಿದ ಅಂಕಿ

ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಫ್ರಿಜ್‌ಗಳನ್ನು ರಿಪೇರಿ ಮಾಡುತ್ತಿದ್ದ ಅವಳನ್ನು ಎಲ್ಲರೂ ಫ್ರಿಜ್ ಅಕ್ಕ ಎಂದೇ ಕರೆಯುತ್ತಿದ್ದರು. ಒಮ್ಮೆ ಬಾಗಿಲು ಸರಿಯಾಗಿ ಮುಚ್ಚದೆ ಒಂದು ಪೆಟ್ಟಿಗೆ ಲಸಿಕೆ ಹಾಳಾದಾಗ ಇನ್ನೊಮ್ಮೆ ಹೀಗಾಗಬಾರದೆಂದು ಅವಳು ಹಠ ತೊಟ್ಟಳು. ವಿಡಿಯೊ ನೋಡಿ ನೋಡಿ ಕಲಿತು, ಪುಟ್ಟ ಕಂಪ್ಯೂಟರಿನಂತೆ ಕೆಲಸ ಮಾಡುವ ಬೆರಳುದ್ದದ ಮೈಕ್ರೋಕಂಟ್ರೋಲರ್ ಬೋರ್ಡಿಗೆ ತಾಪಮಾನ ಅಳೆಯುವ ಸೆನ್ಸರನ್ನು ಬೆಸುಗೆ ಹಾಕಿದಳು. ಅದು ಹತ್ತು ಸೆಕೆಂಡಿಗೊಮ್ಮೆ ವೈಫೈನಲ್ಲಿ ಕಳಿಸುವ ಅಂಕಿಯನ್ನು ಡೇಟಾಬೇಸಿಗೆ ಸೇರಿಸಿ ತೋರಿಸುವ ವೆಬ್ ಪುಟವನ್ನು ಮಗಳು ಮಾಡಿಕೊಟ್ಟಳು.

ಸೆನ್ಸರನ್ನು ಆ ಫ್ರಿಜ್ಜಿನೊಳಗಿಟ್ಟ ಮೊದಲ ದಿನ ಪುಟದಲ್ಲಿ ಒಂದು ಅಂಕಿಯೂ ಬರಲಿಲ್ಲ.

"ಅಮ್ಮ, ನಿನ್ನ ಬೋರ್ಡೇ ಕೆಟ್ಟಿರ್ಬೇಕು," ಎಂದಳು ಮಗಳು, ಮನೆಯಿಂದ ಫೋನಿನಲ್ಲಿ.

"ನಾನು ಬೆಸುಗೆ ಹಾಕಿದ್ದು ಕೆಡಲ್ಲ ಕಣೇ. 'ನಾಲ್ಕು ಡಿಗ್ರಿ' ಅಂತ ಚೆನ್ನಾಗೇ ಹೋಗ್ತಿದೆ."

ಮಗಳು ನಕ್ಕುಬಿಟ್ಟಳು. "ಅಲ್ಲೇ ಎಡವಟ್ಟು! ಡೇಟಾಬೇಸಿಗೆ ಬರೀ ಅಂಕಿ ಬೇಕು. ಅಕ್ಷರ ಸೇರಿದ್ರೆ ಅದು ತಗೊಳ್ಳಲ್ಲ."

ಅಕ್ಕ ಪ್ರೋಗ್ರಾಮಿನಲ್ಲಿ ಅಕ್ಷರಗಳನ್ನೆಲ್ಲ ಅಳಿಸಿದಳು. ಸೆನ್ಸರನ್ನು ಫ್ರಿಜ್ಜಿನಿಂದ ಹೊರತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

"ಹನ್ನೆರಡು... ಇಪ್ಪತ್ತೈದು... ಅಮ್ಮ, ಮೂವತ್ತೆರಡು! ಏನ್ಮಾಡ್ತಿದೀಯಾ?"

"ಏನಿಲ್ಲ, ನನ್ನ ಕೈ ಬಿಸಿ ನಿನ್ನವರೆಗೂ ಬರತ್ತಾ ನೋಡ್ತಿದ್ದೆ."

ಈಗ ಆ ಫ್ರಿಜ್ಜಿನ ಬಾಗಿಲು ತೆರೆದೇ ಉಳಿದು ಅಂಕಿ ಏರಿದರೆ ಹಿರಿಯ ನರ್ಸಮ್ಮನ ಫೋನು ತಾನಾಗಿ ಕೂಗುತ್ತದೆ. ಉಳಿದ ಆರು ಫ್ರಿಜ್‌ಗಳಿಗೂ ಅಂಥದ್ದೇ ಬೋರ್ಡು ಬೇಕೆಂದು ಅವರು ಅಕ್ಕನ ಬೆನ್ನು ಬಿದ್ದಿದ್ದಾರೆ.