ಹೊಸ್ತಿಲು ದಾಟುವವರೆಗೆ

ಸಾಯುವವರ ಹತ್ತಿರ ಹೇಗಿರಬೇಕೆಂದು ನರ್ಸಿಂಗ್ ಕಾಲೇಜಿನಲ್ಲಿ ನಮಗೊಂದು ಪಾಠವಿತ್ತು. ಕೈ ಹಿಡಿದುಕೊಳ್ಳಿ, ಮೆಲ್ಲಗೆ ಮಾತಾಡಿ, ಅಳುವವರನ್ನು ಅಳಲು ಬಿಡಿ ಎಂದೆಲ್ಲ ಬರೆಸಿದ್ದರು. ನೆಂಟರ ಬಾಯಿ ಮುಚ್ಚಿಸುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಹಾಸನದ ವಾರ್ಡಿನಲ್ಲಿ ನಾನು ಹೆಚ್ಚು ರೇಗಿರುವುದು ಅವರ ಮೇಲೆಯೇ. ಮಂಚದ ಸುತ್ತ ನಿಂತು, "ಅಳ್ಬ್ಯಾಡ, ಧೈರ್ಯ ತಕೋ" ಎನ್ನುತ್ತ ಅಳುವ ಹೆಂಗಸಿನಿಂದ ಅಳುವನ್ನೂ ಕಿತ್ತುಕೊಳ್ಳುತ್ತಾರೆ. ನಾನು ಹೊಳೆನರಸೀಪುರದವಳು, ಬಾಯಿ ಸ್ವಲ್ಪ ಜೋರು. ಅಂಥವರನ್ನು ಹೊರಗೆ ಕಳಿಸಿಬಿಡುತ್ತೇನೆ.

ನಮ್ಮ ಕಡೆ ನರ್ಸುಗಳಿಗೆ ಇನ್ನೊಂದು ಕೆಲಸವಿದೆ, ಅದೂ ಪಾಠದಲ್ಲಿರಲಿಲ್ಲ. ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಎಷ್ಟೋ ಮನೆಯವರು ಕೇಳುವುದು ಒಂದನ್ನೇ: ಉಸಿರಿರುವಾಗಲೇ ಊರು ಸೇರಿಸಿ. ಹೊರಗೆ ಸತ್ತವರನ್ನು ಅವರು ಮನೆಯೊಳಕ್ಕೆ ತರುವುದಿಲ್ಲ, ಅಂಗಳದಲ್ಲೇ ಮಲಗಿಸಿ ಅಲ್ಲಿಂದಲೇ ಎತ್ತುತ್ತಾರೆ. ಇದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆಕ್ಸಿಜನ್ ಸಿಲಿಂಡರ್ ತುಂಬಿದೆಯೇ ಎಂದು ನೋಡಿಕೊಂಡು ಆಂಬ್ಯುಲೆನ್ಸ್ ಹತ್ತುತ್ತೇನೆ. ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿಗೂ ಹೀಗೆ ಹೋಗಿಬಂದಿದ್ದೇನೆ. ಆ ಪ್ರಯಾಣಗಳು ಬಹುತೇಕ ಮರೆತೂ ಹೋಗಿವೆ.

ಮರೆಯದೆ ಉಳಿದಿರುವುದು ರಾಮನಾಥಪುರದ ಹತ್ತಿರದ ಒಬ್ಬ ಹೊಗೆಸೊಪ್ಪು ಬೆಳೆಗಾರನ ಪ್ರಯಾಣ. ಆತನಿಗೆ ಶ್ವಾಸಕೋಶದ ಕಾಯಿಲೆ. ಹೊಸ ಮನೆ ಕಟ್ಟಿಸಿ, ಗೃಹಪ್ರವೇಶ ಮುಗಿಸಿ, ಸ್ವಲ್ಪ ದಿನಕ್ಕೇ ಆಸ್ಪತ್ರೆ ಸೇರಿದ್ದ. ಹೊರಡುವ ಹೊತ್ತಿಗೆ ಆತನ ಹೆಂಡತಿ ನನ್ನನ್ನು ಬದಿಗೆ ಕರೆದಳು. "ಆ ಮನೇಲಿ ಅವ್ರು ನೆಟ್ಟಗೆ ಒಂದ್ ವಾರನೂ ಮಲಗ್ಲಿಲ್ಲ ಕಣವ್ವ. ಅಂಗಳದಾಗೆ ಮಲಗ್ಸೋ ಅಂಗ್ ಮಾಡ್ಬ್ಯಾಡ." ಉಸಿರಿಲ್ಲದೆ ಬಂದರೆ ಹೊಸ್ತಿಲು ದಾಟಿಸುವಂತಿಲ್ಲ ಎಂದು ಗಂಡನ ಅಣ್ಣ ಆಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದರಂತೆ.

ಮಧ್ಯಾಹ್ನ ಹೊರಟೆವು. ಮಗ ಮುಂದೆ ಡ್ರೈವರ್ ಪಕ್ಕ ಕೂತ. ಹಿಂದೆ ರೋಗಿಯ ಜೊತೆ ನಾವಿಬ್ಬರು. "ಮಾತಾಡ್ತಾ ಇರಿ, ಅವರಿಗೆ ಕೇಳಿಸ್ತಿರುತ್ತೆ" ಎಂದೆ. ಆಕೆಗೆ ನಾಚಿಕೆ. ಇಷ್ಟು ವರ್ಷದ ಸಂಸಾರದಲ್ಲಿ ಕೆಲಸವಿಲ್ಲದೆ ಗಂಡನನ್ನು ಮಾತಾಡಿಸಿದವಳೇ ಅಲ್ಲವೇನೋ. ಕೊನೆಗೆ ಹಸುವಿನಿಂದ ಶುರುಮಾಡಿದಳು. "ಕೆಂದಸ ಕರ ಆಕೈತೆ. ಎಣ್ಣು ಕರ." ಆಮೇಲೆ ಹೊಗೆಸೊಪ್ಪು ಬೇಯಿಸಲು ಸೌದೆ ಬಂದದ್ದು, ಪಕ್ಕದ ಹೊಲದವನು ಬದು ಒತ್ತಿದ್ದು, ಎಲ್ಲ ವರದಿಯಾಯಿತು. ಮಾತಿನ ಉದ್ದಕ್ಕೂ ಆತನ ಕೈ ಅವಳ ಕೈಯಲ್ಲೇ ಇತ್ತು.

ಅರಕಲಗೂಡಿನ ಪೇಟೆಯಲ್ಲಿ ಟ್ರಾಕ್ಟರೊಂದು ಅಡ್ಡ ಸಿಕ್ಕಿ ಗಾಡಿ ನಿಂತಿತು. ಅಲ್ಲೇ ಆತನ ಉಸಿರೂ ನಿಂತಿತು. ಕತ್ತಿನಲ್ಲಿ ನಾಡಿ ಹುಡುಕಿದೆ, ಸಿಗಲಿಲ್ಲ. ಎದೆ ಒತ್ತಿ ಹಿಂಸೆ ಕೊಡುವುದು ಬೇಡವೆಂದು ಮನೆಯವರೂ ಡಾಕ್ಟರೂ ಮೊದಲೇ ಮಾತಾಡಿಕೊಂಡಿದ್ದರು. ನಾನು ಆಕ್ಸಿಜನ್ ಮಾಸ್ಕ್ ತೆಗೆದು, ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರಿನ ಚೀಲವನ್ನು ಆತನ ಮೂಗು ಬಾಯಿಗೆ ಹಿಡಿದೆ. ಒತ್ತಿದಾಗ ಎದೆ ಏರಿತು, ಬಿಟ್ಟಾಗ ಇಳಿಯಿತು. ಅದು ಚಿಕಿತ್ಸೆಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಉಸಿರಾಟಕ್ಕೆ ಸ್ವಲ್ಪ ಸಹಾಯ ಬೇಕು" ಎಂದಷ್ಟೇ ಅಂದೆ.

ಆಕೆ ನನ್ನ ಮುಖ ನೋಡಿದಳು. ಮತ್ತೆ ಗಂಡನ ಕಡೆ ತಿರುಗಿ, ಬದುವಿನ ಜಗಳವನ್ನು ಬಿಟ್ಟಲ್ಲಿಂದ ಎತ್ತಿಕೊಂಡಳು. ದನಿ ಮೊದಲಿಗಿಂತ ಜೋರಾಗಿತ್ತು. ಮಗ ಹಿಂತಿರುಗಿ, "ಅಪ್ಪ ಎಂಗೈತವ್ವ?" ಎಂದ.

"ಉಸಿರಾಡ್ತಾವ್ರೆ. ನೀ ರಸ್ತೆ ನೋಡ್ಲಾ."

ಮನೆ ಮುಂದೆ ಆಕೆಯ ಭಾವ, ಫೋನಿನಲ್ಲಿ ಮಾತಾಡಿದ್ದ ಆ ಅಣ್ಣ, ಕಾಯುತ್ತಿದ್ದರು. ಸ್ಟ್ರೆಚರ್ ಇಳಿಸುತ್ತಲೇ ಬಗ್ಗಿ ತಮ್ಮನ ಎದೆ ನೋಡಿದರು. ನಾನು ಒತ್ತಿದೆ, ಎದೆ ಏರಿತು. "ಒಳೀಕ್ ತಕಂಡ್ ಬನ್ನಿ" ಎಂದು ಬಾಗಿಲು ಬಿಟ್ಟು ಸರಿದರು. ನಡುಮನೆಯಲ್ಲಿ ಚಾಪೆ ಹಾಸಿದ್ದರು. ಗೋಡೆಗೆ ಇನ್ನೂ ಹೊಸ ಬಣ್ಣದ ವಾಸನೆಯಿತ್ತು. ಒಬ್ಬೊಬ್ಬರಾಗಿ ಬಂದು ತುಳಸಿ ನೀರು ಬಿಟ್ಟರು. ಪ್ರತಿ ಸಲವೂ ನಾನು ಚೀಲ ಎತ್ತುವುದು, ಮತ್ತೆ ಇಡುವುದು. ಎಲ್ಲರದೂ ಮುಗಿದ ಮೇಲೂ ಒತ್ತುತ್ತಲೇ ಇದ್ದೆ. ಯಾವಾಗ ನಿಲ್ಲಿಸಬೇಕು, ಏನೆಂದು ಹೇಳಿ ನಿಲ್ಲಿಸಬೇಕು ಎಂದು ನಿಜವಾಗಿಯೂ ತೋಚಲಿಲ್ಲ.

ಆಕೆ ನನ್ನ ಪಕ್ಕ ಕೂತು, ಯಾರಿಗೂ ಕೇಳದಂತೆ ಹೇಳಿದಳು:

"ಸಾಕು ಬುಡವ್ವ, ಕೈ ನೋಯ್ತದೆ. ಟ್ರಾಕ್ಟ್ರು ಅಡ್ಡ ಬಂತಲ್ಲ, ಅವಾಗ್ಲೇ ಓಗ್ಬುಟ್ರು."

ಬಿಡೋಣವೆಂದರೆ ಬೆರಳುಗಳು ಮರಗಟ್ಟಿ ಬಿಚ್ಚಲಿಲ್ಲ. ಆಕೆಯೇ ನೀವಿ ನೀವಿ ಬಿಡಿಸಿದಳು. ಆಕೆ ಚೀಲವನ್ನು ನನ್ನ ಮಡಿಲಲ್ಲಿಟ್ಟು, ಗಂಡನ ಕಡೆ ತಿರುಗಿ, ಅರಕಲಗೂಡಿನಿಂದ ತಡೆದುಕೊಂಡು ಬಂದಿದ್ದ ಅಳುವನ್ನು ಅತ್ತಳು.

ಭಾವ, "ಅಳ್ಬ್ಯಾಡ, ಧೈರ್ಯ ತಕೋ" ಎನ್ನುತ್ತ ಹತ್ತಿರ ಬಂದರು. ಅವರನ್ನು ಆ ಮನೆಯಿಂದ ಹೊರಗೆ, ಅಂಗಳಕ್ಕೆ ಕಳಿಸಿದೆ.